ಗುಡ್ಡೆಯ ತಲೆ ಬೋಳಿಸಿದ ವರ್ಷ

ಗಲ್ಫಿನಲ್ಲಿ ನನ್ನ ಕೆಲಸ ಮರಳಿನಲ್ಲಿ ಮರ ನೆಡುವುದಾಗಿತ್ತು. ಊರಿಗೆ ಬಂದು ನೆಲೆ ನಿಂತ ಮೇಲೆ ನಾನು ಮಾಡಿದ ಮೊದಲ ದೊಡ್ಡ ಕೆಲಸ ಮರ ಕಡಿಸಿದ್ದು. ಇದನ್ನು ಕೇಳಿ ನಗದವರು ನಮ್ಮ ಇಚಿಲಂಪಾಡಿಯ ಸುತ್ತಮುತ್ತ ಯಾರೂ ಉಳಿದಿಲ್ಲ. ನಗಲಿ, ನನಗೇನು! ಆ ವರ್ಷದಷ್ಟು ಹುರುಪಿನಲ್ಲಿ ನಾನು ಬೇರೆ ಯಾವ ವರ್ಷವನ್ನೂ ಕಳೆದವನಲ್ಲ. ಬೆಳಗಿನ ನಮಾಜು ಮುಗಿದ ಕೂಡಲೇ ಚಾ ಕುಡಿಯಲೂ ಪುರುಸೊತ್ತಿಲ್ಲದವನಂತೆ ಗುಡ್ಡೆ ಹತ್ತುತ್ತಿದ್ದೆ. ಹೆಂಡತಿ ಕೆಳಗಿನಿಂದ ಕೂಗುತ್ತಿದ್ದಳು, "ಗುಡ್ಡೆ ಎಲ್ಲಿಗೂ ಓಡಿಹೋಗುದಿಲ್ಲ, ಚಾ ತಣ್ಣಗಾಗ್ತದೆ!"

ನನಗಿದ್ದದ್ದು ಗುಡ್ಡೆ ಓಡಿಹೋಗುವ ಹೆದರಿಕೆಯೇ. ಕಲ್ಲು ಕಲ್ಲಾಗಿ, ಲಾರಿಯ ಮೇಲೆ.

ಮನೆಯ ಹಿಂದಿನ ಆ ಗುಡ್ಡೆ ಬಾಪ ತೀರಿಕೊಂಡ ಮೇಲೆ ನನಗೂ ನನ್ನ ತಮ್ಮನಿಗೂ ಜಂಟಿಯಾಗಿ ಬಂದದ್ದು. ನೆತ್ತಿಯೆಲ್ಲ ಚಪ್ಪಟೆಯಾದ ಕೆಂಪುಕಲ್ಲಿನ ಹಾಸುಬಂಡೆ, ನಮ್ಮ ಮಾತಿನಲ್ಲಿ ಪಾರೆ, ಅದರ ಮೇಲೆ ಒಂದು ಗೇಣು ಮಣ್ಣೂ ಇಲ್ಲ. ಅಲ್ಲಿ ಬಾಪ ಅಕೇಶಿಯ ನೆಟ್ಟಿದ್ದರು. ಆ ಕಾಲದಲ್ಲಿ ಎಲ್ಲರೂ ನೆಟ್ಟರು. ನಮ್ಮ ಕಡೆಯವರಿಗೆ ಅಡಿಕೆ ಇಲ್ಲದ, ತೆಂಗಿಲ್ಲದ, ಗೇರುಮರ ಕೂಡ ಇಲ್ಲದ ನೆಲ ಕಂಡರೆ ಮೈ ತುರಿಸುತ್ತದೆ. ಮೂವತ್ತು ದಾಟಿಯೂ ಮದುವೆಯಾಗದ ಗಂಡಿನ ವಿಚಾರ ಕೇಳುವ ದನಿಯಲ್ಲೇ ಕೇಳುತ್ತಾರೆ, "ಜಾಗ ಸುಮ್ಮನೆ ಬಿದ್ದುಂಟಲ್ಲ, ಎಂತ ಮಾಡುದು ಅಂತ?" ಅಕೇಶಿಯ ಗಿಡ ಪುಕ್ಕಟೆ ಸಿಗುತ್ತಿತ್ತು. ನೀರು ಬೇಡ, ಗೊಬ್ಬರ ಬೇಡ, ಆಡು ಕೂಡ ಮೂಸಿ ನೋಡಿ ಮುಂದೆ ಹೋಗುತ್ತದೆ. ನಾನು ಗಲ್ಫಿಗೆ ಹೊರಟಾಗ ಅವು ನನ್ನ ಎದೆಯೆತ್ತರ ಇದ್ದವು.

ವಾಪಸು ಬಂದು ನೋಡಿದರೆ ಗುಡ್ಡೆಯ ಮೇಲೆ ನಡುಹಗಲಲ್ಲೂ ಮಬ್ಬು. ಅಡಿಯಲ್ಲಿ ಒಂದು ಹುಲ್ಲುಕಡ್ಡಿ ಇಲ್ಲ. ಕತ್ತಿಯಂತೆ ಬಾಗಿದ ಒಣ ಎಲೆ ಪಾದ ಹೂತುಹೋಗುವಷ್ಟು ಬಿದ್ದಿದೆ, ಮೆಟ್ಟಿದರೆ ಜಾರುತ್ತದೆ. ಹಕ್ಕಿಯ ದನಿ ಇಲ್ಲ, ಜೀರುಂಡೆಯೂ ಇಲ್ಲ. ಹೊರಗಿನಿಂದ ನೋಡುವವರಿಗೆ ಅದು ಹಸಿರು ಕಾಡು. ಒಳಗೆ ಹೊಕ್ಕವನಿಗೆ ಮುಚ್ಚಿದ ಗೋದಾಮು. ನನಗೆ ಅಲ್ಲಿ ನಿಂತರೆ ಉಸಿರು ಕಟ್ಟುತ್ತಿತ್ತು.

ಮರಗಳ ಬಗ್ಗೆ ನನಗೆ ಮೊದಲೇ ಸ್ವಲ್ಪ ಸಿಟ್ಟಿತ್ತು ಎಂದು ಹೇಳಿಬಿಡುತ್ತೇನೆ. ಅಲ್ಲಿ, ಹೆದ್ದಾರಿಯ ಬದಿಯ ಮರಳಿನಲ್ಲಿ, ನಾನು ನೆಟ್ಟ ಪ್ರತಿ ಮರದ ಬುಡಕ್ಕೂ ಒಂದು ಕಪ್ಪು ಪೈಪು. ಪೈಪಿನ ತೂತಿಗೆ ಉಪ್ಪು ಕಟ್ಟಿದರೆ ಸಾಕು, ಮರ ಒಣಗಲು ಶುರು. ವರ್ಷಗಟ್ಟಲೆ ನಾನು ಆ ತೂತುಗಳನ್ನು ಸೂಜಿಯಿಂದ ಚುಚ್ಚುತ್ತ ಬದುಕಿದವನು. ಆದರೆ ಚಳಿಗಾಲದಲ್ಲಿ ಅಪರೂಪಕ್ಕೆ ಒಂದು ಮಳೆ ಬಿದ್ದರೆ ಬೇಲಿಯಾಚೆಯ ಬರಿ ಮರಳಿನ ಮೇಲೆ ಹಳದಿ ಹೂ ಏಳುತ್ತಿತ್ತು. ಯಾರೂ ನೆಟ್ಟದ್ದಲ್ಲ, ಒಂದು ತೊಟ್ಟು ಪೈಪಿನ ನೀರು ಕುಡಿದದ್ದಲ್ಲ. ನಾನು ಬೇಲಿ ಹಿಡಿದು ನಿಂತು ನೋಡುತ್ತಿದ್ದೆ. ನಾನು ನೀರು ಹಾಕದೆ ಬದುಕುವ ಒಂದು ನೆಲ ನನ್ನದೂ ಇರಬೇಕು ಎಂಬ ಆಸೆ ಹುಟ್ಟಿದ್ದು ಅಲ್ಲಿ.

ದಾರಿ ತೋರಿಸಿದ್ದು ಹೆಂಡತಿಯ ತವರು. ಅದು ಕಡಲ ಕರೆಯಲ್ಲಿ, ದಡಕ್ಕೆ ತಾಗಿಕೊಂಡೇ. ಹಿತ್ತಿಲಿನ ಬೇಲಿ ದಾಟಿದರೆ ಮರಳ ದಿಬ್ಬ. ಮದುವೆಯಾದ ಹೊಸತರಲ್ಲಿ ಆ ದಿಬ್ಬದ ತುಂಬ ಗಾಳಿಮರಗಳಿದ್ದವು. ಕಡಲು ಕೊರೆಯದಿರಲಿ ಎಂದು ಹಿಂದೆ ಯಾರೋ ನೆಡಿಸಿದ್ದರಂತೆ. ಈಚೆಗೆ ಅವನ್ನೆಲ್ಲ ತೆಗೆಸಿದ್ದರು. ಪೆರ್ನಾಲ್ ಹಬ್ಬಕ್ಕೆ ಹೋದಾಗ ನೋಡುತ್ತೇನೆ, ದಿಬ್ಬದ ಮೈಮೇಲೆ ನೇರಳೆ ಹೂವಿನ ಬಳ್ಳಿ ಕೈಕಾಲು ಚಾಚಿ ಮಲಗಿದೆ. ಅದರ ಸಂದಿನಲ್ಲಿ ಮುಳ್ಳಿನಂತಹ ಹುಲ್ಲು, ಹುಲ್ಲಿನ ನಡುವೆ ಏಡಿಯ ಬಿಲ, ಬಿಲದ ಬಾಯಲ್ಲಿ ಏಡಿ! ಗಾಳಿಮರ ಇದ್ದಾಗ ಇದೊಂದೂ ಇರಲಿಲ್ಲ. ಬಳ್ಳಿಯೇ ಮರಳನ್ನು ಹಿಡಿದು ಕೂತಿದೆ. ಬಿರಿಯಾನಿಗೆ ಕರೆದರೂ ನಾನು ಒಳಗೆ ಹೋಗಲಿಲ್ಲ. ಹೆಂಡತಿ ಬಂದು ಪಕ್ಕದಲ್ಲಿ ನಿಂತಳು. "ನಿಮ್ಮ ಗುಡ್ಡೆಗೂ ಈ ದಿಬ್ಬಕ್ಕಿದ್ದ ರೋಗವೇ. ಮರದ ಕಂಬಳಿ ಹೊದೆಸಿದ್ದು ಜಾಸ್ತಿಯಾಗಿದೆ" ಎಂದಳು. ನಾನು ಆ ಕ್ಷಣವೇ ಬಸ್ಸು ಹತ್ತಲು ತಯಾರಿದ್ದೆ.

ಮನೆಗೆ ಬಂದರೆ ತಮ್ಮ ಕಾದು ಕೂತಿದ್ದ. ಅವನಿಗೆ ಕಡಬ ಪೇಟೆಯಲ್ಲಿ ಚಪ್ಪಲಿ ಅಂಗಡಿ. ನಮ್ಮಲ್ಲಿ ಅಣ್ಣನನ್ನು ಕಾಕ ಎನ್ನುತ್ತಾರೆ. ಮನೆಯೊಳಗಿನ ಮಾತು ಬ್ಯಾರಿ ಭಾಷೆಯಲ್ಲಿ, ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಕಾಕ, ಕಲ್ಲುಕೋರೆಯವರು ಬಂದಿದ್ರು. ನಮ್ಮ ಗುಡ್ಡೆಯಲ್ಲಿ ಒಳ್ಳೆ ಕೆಂಪುಕಲ್ಲು ಉಂಟಂತೆ. ಕೊಟ್ಟುಬಿಡುವ."

"ಕೊಯ್ದ ಮೇಲೆ ಅಲ್ಲಿ ಎಂತ ಉಳೀತದೆ?"

"ಹೊಂಡ," ಎಂದ. ಸುಳ್ಳು ಹೇಳುವ ಜನ ಅಲ್ಲ ಅವನು. "ಈಗಾದ್ರೂ ಎಂತ ಉಂಟು ಅಲ್ಲಿ? ಅಕೇಶಿಯದ ತರಗೆಲೆ. ನೀವು ಅಲ್ಲಿ ಚಾಪೆ ಹಾಸಿ ಮಲಗ್ತೀರಾ?"

ಅವನ ಮಾತಿನಲ್ಲಿ ತಪ್ಪಿರಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಮಳೆಗಾಲದಲ್ಲಿ ಹೇಗೂ ಕೋರೆಯ ಕೆಲಸ ನಡೆಯುವುದಿಲ್ಲ. ನಾನು ಅದನ್ನೇ ಹಿಡಿದುಕೊಂಡೆ. "ಒಂದು ಮಳೆಗಾಲ ಬಿಡು. ಮರ ಎಲ್ಲ ತೆಗೆಸ್ತೇನೆ. ಗುಡ್ಡೆ ತನ್ನಷ್ಟಕ್ಕೆ ಏನಾದ್ರೂ ಕೊಟ್ರೆ ಅದು ಗುಡ್ಡೆಯಾಗಿಯೇ ಇರ್ಲಿ. ಕೊಡದಿದ್ರೆ ನಾನೇ ಬಂದು ಕೋರೆಯವರಿಗೆ ಸಹಿ ಹಾಕ್ತೇನೆ."

ತಮ್ಮ ನನ್ನ ಮುಖವನ್ನೇ ನೋಡಿದ. ಆಮೇಲೆ ಹೊಟ್ಟೆ ಹಿಡಿದು ನಕ್ಕ. "ಕೋರೆಯವರ ಅರ್ಧ ಕೆಲಸ ನೀವೇ ಮಾಡಿ ಕೊಡ್ತೀರಲ್ಲ ಕಾಕ! ಆಗ್ಲಿ, ನನಗೆಂತ ನಷ್ಟ?"

ಅವನು ಹೇಳಿದ್ದು ನಿಜ. ಮರ ಹೋದರೆ ಗುಡ್ಡೆ ಗೆಲ್ಲಬಹುದಿತ್ತು, ಕೋರೆಗೂ ದಾರಿ ಸಲೀಸಾಗಬಹುದಿತ್ತು. ಎರಡಕ್ಕೂ ನಾನೇ ಬಾಗಿಲು ತೆಗೆದಿದ್ದೆ. ಆದರೂ ಹಿಂಜರಿಯಲಿಲ್ಲ, ನನ್ನ ತಲೆಗೆ ಆಗಲೇ ಹುಚ್ಚು ಏರಿತ್ತು.

ಬೇಸಿಗೆಯಲ್ಲಿ ಮಿಷನ್‌ನವರು ಬಂದರು. ಮರ ಕೊಯ್ಯುವ ಮಿಷನ್‌ನ ಸದ್ದನ್ನು ನಾನು ಅಷ್ಟು ಖುಷಿಯಿಂದ ಕೇಳಿದ್ದು ಅದೇ ಮೊದಲು. ಅವರ ಕೂಲಿ ಮರ ಮಾರಿದ್ದರಲ್ಲೇ ಆಯಿತು. ಒಂದೊಂದು ಮರ ಬಿದ್ದಾಗಲೂ ಬಿಸಿಲಿನ ಒಂದು ದೊಡ್ಡ ತುಂಡು ಪಾರೆಯ ಮೇಲೆ ಬೀಳುತ್ತಿತ್ತು. ಪೂರ್ವದ ಅಂಚಿನ ಸಾಲು ಬಿದ್ದ ಮಧ್ಯಾಹ್ನವನ್ನಂತೂ ಮರೆಯಲಾರೆ. ಧೂಳು ಇಳಿಯಿತು, ನಾನು ತಲೆಯೆತ್ತಿದೆ, ಎದುರಿಗೆ ಘಟ್ಟ! ಸುಬ್ರಹ್ಮಣ್ಯದ ಹಿಂದಿನ ಶಿಖರಗಳು ನೀಲಿಯಾಗಿ ಉದ್ದಕ್ಕೆ ನಿಂತಿದ್ದವು. ನಮ್ಮ ಮನೆಯ ಹಿಂದೆಯೇ ಇಷ್ಟು ದೊಡ್ಡ ಲೋಕ ಇತ್ತೆಂಬುದು ನನಗೆ ಮರೆತೇ ಹೋಗಿತ್ತು. ಹೆಂಡತಿಯನ್ನು ಕೂಗಿ ಕರೆದೆ. ಅವಳು ಏದುಸಿರು ಬಿಡುತ್ತ ಬಂದು, ತಲೆಯ ಬಟ್ಟೆ ಸರಿಮಾಡಿಕೊಂಡು, ತುಂಬ ಹೊತ್ತು ನಿಂತಳು. "ನಮ್ಮ ಕಡಲ ಕರೆಯಷ್ಟೇ ಆಕಾಶ ಉಂಟು ಇಲ್ಲಿ" ಎಂದಳು. ಮದುವೆಯಾಗಿ ಬಂದ ಮೇಲೆ ಅವಳು ಈ ಊರನ್ನು ಹೊಗಳಿದ್ದು ಅದೇ ಮೊದಲಿರಬೇಕು.

ಬಯಲು ಬಿದ್ದ ಕೆಲವೇ ದಿನಗಳಲ್ಲಿ ಒಂದು ಜೋಡಿ ಟಿಟ್ಟಿಭ ಬಂತು. ಉದ್ದ ಹಳದಿ ಕಾಲಿನ ಹಕ್ಕಿ, ಬಯಲಲ್ಲದೆ ಬೇರೆ ಕಡೆ ಇಳಿಯುವುದಿಲ್ಲ. ನಮ್ಮನ್ನು ಕಂಡರೆ ತಲೆಯ ಮೇಲೆ ಸುತ್ತುತ್ತ ಬಾಯಿಗೆ ಬಂದ ಹಾಗೆ ಬೈಯುತ್ತಿತ್ತು. ಬೈದಷ್ಟೂ ನನಗೆ ಸಂತೋಷ. ಬೈಯಬೇಕಾದರೆ ಅದು ಜಾಗವನ್ನು ತನ್ನದು ಎಂದುಕೊಂಡಿದೆ ಎಂದಾಯಿತಲ್ಲ!

ಉಳಿದದ್ದು ತರಗೆಲೆ. ಪಾರೆಯ ಮೇಲೆ ವರ್ಷಗಳ ಎಲೆ ಮೆತ್ತೆಗಟ್ಟಿತ್ತು. ಅದನ್ನು ತೆಗೆಯದೆ ನೆಲ ಕಣ್ಣು ಬಿಡುವಂತಿರಲಿಲ್ಲ. ಗುಡ್ಡೆಯ ಕೆಳಗೆ ಅಡಿಕೆ ತೋಟ ಇರುವ ಗೌಡ್ರು ಒಂದು ದಿನ ಕೈಬೀಸಿಕೊಂಡು ಮೇಲೆ ಬಂದರು. ನಮ್ಮ ಎರಡು ಮನೆಗೂ ತಲೆಮಾರುಗಳ ಬಳಕೆ. ಎಲೆಯ ರಾಶಿ ಕಂಡದ್ದೇ ಅವರ ಕಣ್ಣು ಹೊಳೆಯಿತು.

"ಇದನ್ನು ಎಂತ ಮಾಡ್ತೀರಿ?"

"ಎಲ್ಲಿಗಾದ್ರೂ ಸಾಗಿಸ್ಬೇಕು."

"ಸಾಗಿಸುದಾ? ನಿಮಗೆ ಮರುಳಾ ಮಾರಾಯ್ರೆ? ಸುಡುಮಣ್ಣು ಮಾಡುವ!"

ನಮ್ಮ ಕಡೆ ಎಲೆ ಮತ್ತು ಮಣ್ಣು ಒಂದೇ ಕಡೆ ಸಿಕ್ಕಿದರೆ ತೋಟದವರ ಕೈ ಸುಮ್ಮನಿರುವುದಿಲ್ಲ. ಎಲೆ, ಕಡ್ಡಿ, ಮಣ್ಣು ಎಂದು ಪದರ ಪದರವಾಗಿ ರಾಶಿ ಹಾಕಿ ಬೆಂಕಿ ಕೊಟ್ಟರೆ, ಉರಿಯದೆ ಬರೀ ಹೊಗೆಯಾಡುತ್ತ ದಿನಗಟ್ಟಲೆ ಒಳಗೊಳಗೇ ಬೇಯುತ್ತದೆ. ಆ ಬೆಂದ ಮಣ್ಣನ್ನು ಅಡಿಕೆಯ ಬುಡಕ್ಕೆ ಹಾಕುವುದು. ನನಗೂ ಸರಿಯೆನಿಸಿತು. ಯಾಕೆ ಅನ್ನಿಸಬಾರದು? ಹುಟ್ಟಿದಾಗಿನಿಂದ ನೋಡಿದ್ದು ಅದನ್ನೇ. ಗೌಡ್ರು ತಮ್ಮ ಆಳುಗಳನ್ನು ಕರೆತಂದರು. ಪೂರ್ವದ ಬದಿಯ ಎಲೆಯನ್ನೂ ಗುಡಿಸಿ ತಂದು ಪಶ್ಚಿಮದ ಬದಿಯಲ್ಲಿ ಸಾಲಾಗಿ ರಾಶಿ ಹಾಕಿದೆವು. ಹೊಗೆ ಏಳುವಾಗ ನಾವಿಬ್ಬರೂ ದೊಡ್ಡ ಸಾಧನೆ ಮಾಡಿದವರಂತೆ ಸೊಂಟಕ್ಕೆ ಕೈಯಿಟ್ಟು ನಿಂತೆವು. ಸುಡುಮಣ್ಣು ಬುಟ್ಟಿ ಬುಟ್ಟಿಯಾಗಿ ತೋಟಕ್ಕೆ ಇಳಿಯಿತು. ಉಳಿದದ್ದನ್ನು ಗೌಡ್ರು ಅಲ್ಲೇ ಪಶ್ಚಿಮದ ಪಾರೆಯ ಮೇಲೆ ತೆಳ್ಳಗೆ ಎರಚಿಸಿದರು. "ಗುಡ್ಡೆಗೂ ಸ್ವಲ್ಪ ಶಕ್ತಿ ಬರ್ಲಿ" ಎಂದರು. ಧಾರಾಳ ಮನುಷ್ಯ.

ಮಳೆ ಹಿಡಿಯಿತು. ನಾನು ಕೊಡೆ ಹಿಡಿದು ದಿನವೂ ಹತ್ತಿದೆ. ಒಂದು ಬೆಳಿಗ್ಗೆ ಪಶ್ಚಿಮದ ಬದಿಯಲ್ಲಿ ಹಸಿರು ಚುಕ್ಕೆಗಳು! ಮರುದಿನ ಚುಕ್ಕೆ ಹೋಗಿ ಹಾಸಿಗೆಯೇ ಆಯಿತು. ಬಗ್ಗಿ ನೋಡಿದೆ. ಹುಣಸೆಯ ಎಲೆಯಂತೆ ಸಣ್ಣ ಸಣ್ಣ ಎಸಳು, ಚೆಂದವೆಂದರೆ ಚೆಂದ. ಇಷ್ಟು ವರ್ಷ ಮಣ್ಣಿನಡಿ ಕಾದು ಕೂತ ಗುಡ್ಡೆಯ ಸ್ವಂತ ಗಿಡ ಇದೇ ಎಂದು ನನಗೆ ಕುಣಿಯುವಷ್ಟು ಖುಷಿ. ತಮ್ಮನಿಗೆ ಫೋನ್ ಮಾಡಿ "ಬಂತು! ಬಂತು!" ಎಂದು ಕಿರುಚಿದೆ. "ಯಾರು ಬಂದ್ರು?" ಎಂದು ಅವನು ಗಾಬರಿಯಾದ. ಮನೆಗೆ ಬಂದ ನೆಂಟರನ್ನೆಲ್ಲ ಕೊಡೆಯಡಿ ಹತ್ತಿಸಿ ತೋರಿಸಿದೆ. ಎಲ್ಲರೂ ಮಾಷಾ ಅಲ್ಲಾ ಎಂದರು.

ನನ್ನ ಸಂಭ್ರಮ ಮುಂದಿನ ಎಲೆ ಮೂಡುವವರೆಗೆ ಇತ್ತು. ಮುಂದಿನ ಎಲೆ ಹುಣಸೆಯಂತಿರಲಿಲ್ಲ. ಚಪ್ಪಟೆಯಾಗಿ, ಉದ್ದವಾಗಿ, ಕತ್ತಿಯಂತೆ ಬಾಗಿತ್ತು.

ಅಕೇಶಿಯ! ಒಂದೆರಡಲ್ಲ, ಇಡೀ ಪಶ್ಚಿಮದ ಬದಿ ಬಿತ್ತಿದ ಗದ್ದೆಯಂತೆ ಅಕೇಶಿಯ! ಅದರ ಬೀಜಕ್ಕೆ ಬೆಂಕಿಯ ಕಾವು ಹದವಾಗಿ ತಾಗಿದರೆ ಗಟ್ಟಿ ಸಿಪ್ಪೆ ಬಿರಿದು ಬೇಗ ಮೊಳೆಯುತ್ತದೆ ಎಂದು ಆಮೇಲೆ ಅವರಿವರನ್ನು ಕೇಳಿ ತಿಳಿಯಿತು. ಗುಡ್ಡೆಯ ಮೇಲೆ ನಿಂತು ತಲೆ ಚಚ್ಚಿಕೊಳ್ಳುತ್ತಿರುವಾಗಲೇ ಕೆಳಗಿನ ತೋಟದಿಂದ ಗೌಡ್ರ ಬೊಬ್ಬೆ ಕೇಳಿತು.

"ಓ ಮಾರಾಯ್ರೆ! ಇಳೀರಿ ಕೆಳಗೆ! ನಿಮ್ಮ ಗುಡ್ಡೆ ನನ್ನ ತೋಟಕ್ಕೆ ಬಂದುಂಟು!"

ಓಡಿ ಇಳಿದು ನೋಡಿದರೆ, ಅಡಿಕೆಯ ಒಂದೊಂದು ಬುಡಕ್ಕೂ ಸುತ್ತ ಹಸಿರು ಬಳೆ ತೊಡಿಸಿದಂತೆ ಅಕೇಶಿಯದ ಸಸಿಗಳು. ಗೌಡ್ರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಸುಡುಮಣ್ಣು ಮಾಡುವ ಎಂದವರು ಅವರು, ಹೌದು ಹೌದು ಎಂದವನು ನಾನು. ಯಾರು ಯಾರಿಗೆ ಬೈಯುವುದು? ಮೊದಲು ಅವರಿಗೆ ನಗು ಬಂತು, ಆಮೇಲೆ ನನಗೆ. ಮಳೆಯಲ್ಲಿ ನೆನೆಯುತ್ತ ಇಬ್ಬರೂ ಕಣ್ಣೀರು ಬರುವಷ್ಟು ನಕ್ಕೆವು. ಮನೆಗೆ ಬಂದಾಗ ನಗು ಉಳಿದಿರಲಿಲ್ಲ. ಮಳೆಗಾಲ ಸರಿಯುತ್ತಿತ್ತು, ಗುಡ್ಡೆ ಕೊಟ್ಟದ್ದು ಅಕೇಶಿಯವನ್ನೇ. ಇದನ್ನು ತಮ್ಮ ನೋಡಿದರೆ ಮಾತು ಮುಗಿಯಿತು.

"ಕೀಳುದು, ಮತ್ತೆಂತ?" ಎಂದಳು ಹೆಂಡತಿ. ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ನನಗಿಂತ ಮುಂದೆ ಹತ್ತಿದವಳು ಅವಳೇ.

ಕೀಳುವುದರಲ್ಲೂ ಒಂದು ಮಜಾ ಇತ್ತು. ಒದ್ದೆ ಮಣ್ಣಿನಲ್ಲಿ ಬುಡ ಹಿಡಿದು ಎಳೆದರೆ ಸುಳ್ ಎಂದು ಬೇರು ಸಮೇತ ಬರುತ್ತಿತ್ತು. ಗೌಡ್ರು ತಮ್ಮ ತೋಟ ಮುಗಿಸಿ ಮನೆಯವರನ್ನೂ ಕಟ್ಟಿಕೊಂಡು ಮೇಲೆ ಬಂದರು. ತಮ್ಮ ಮಾತ್ರ ಅಂಗಡಿಯಲ್ಲಿ ಕೂತು ಬಂದವರಿಗೆಲ್ಲ ಕಥೆ ಹೇಳುತ್ತಿದ್ದ. ಮರ ಕಡಿದು ಮರವನ್ನೇ ಬಿತ್ತಿದ ನಮ್ಮ ಕಾಕ ಎಂದು ನನಗೆ ಕಡಬ ಪೇಟೆಯಿಡೀ ಹೆಸರು ಬಂತು. ಒಂದು ಮಧ್ಯಾಹ್ನ ಅವನು ಅಂಗಡಿಯಲ್ಲಿ ತೋರಿಸಲು ಒಂದು ಸಸಿ ಬೇಕೆಂದು ಗುಡ್ಡೆಗೆ ಬಂದ. ಒಂದು ಕಿತ್ತ. ಬೇರು ನೋಡಿದ. ಪಕ್ಕದ್ದನ್ನೂ ಕಿತ್ತ. ಹುರಿದ ಹಲಸಿನ ಬೀಜ ತಿನ್ನಲು ಕೂತವರಂತೆ ಅವನ ಕೈ ನಿಲ್ಲಲೇ ಇಲ್ಲ. ಮಸೀದಿಯಿಂದ ಸಂಜೆಯ ಬಾಂಗ್ ಕೇಳಿದಾಗ ಇಸ್ತ್ರಿಯ ಪ್ಯಾಂಟು ಮೊಣಕಾಲವರೆಗೆ ಕೆಸರು. ಆಮೇಲೆ ರಜೆ ಸಿಕ್ಕಾಗೆಲ್ಲ ಬರತೊಡಗಿದ. ಕೀಳುತ್ತಲೇ ಹೇಳುತ್ತಿದ್ದ, "ಮಾತು ಮಾತೇ ಕಾಕ. ಕೋರೆಯವರು ಮಳೆ ಬಿಡುದನ್ನೇ ಕಾಯ್ತಾ ಇದ್ದಾರೆ."

ಸಸಿಗಳ ಜೊತೆ ಎರಚಿದ ಸುಡುಮಣ್ಣನ್ನೂ ಕೆರೆದು ತೆಗೆದೆವು. ಗೌಡ್ರು ಈ ಸಲ ಅದನ್ನು ತೋಟಕ್ಕೆ ಒಯ್ಯಲಿಲ್ಲ. ಕೆಳಗಿನ ಮಣ್ಣು ರಸ್ತೆಯ ಹೊಂಡಕ್ಕೆ ತುಂಬಿಸಿದರು.

ಈಗ ಗುಡ್ಡೆ ನಿಜವಾಗಿ ಬೋಳು. ಕೆಂಪು ಪಾರೆ, ಅದರ ತಗ್ಗುಗಳಲ್ಲಿ ಮಳೆ ನೀರು, ಅಷ್ಟೇ. ನನ್ನ ಜೀವನದಲ್ಲಿ ಏನನ್ನೂ ಮಾಡದೆ ಕಾಯುವುದನ್ನು ಕಲಿತವನಲ್ಲ ನಾನು. ಪೈಪು ಇಲ್ಲ, ಸೂಜಿ ಇಲ್ಲ, ಕೈಗೆ ಕೆಲಸ ಇಲ್ಲ. ನಡುಮಳೆಯ ಆ ವಾರಗಳಲ್ಲಿ ನಾನು ಮನೆಯವರ ಮೇಲೆಲ್ಲ ರೇಗಿದೆ. ಏನೂ ಬರದಿದ್ದರೆ ಸಹಿ ಹಾಕಬೇಕು. ಸಹಿ ಹಾಕಿದ ಮೇಲೆ ಬರುವುದು ಹೊಂಡ.

ಆಮೇಲೆ ಒಂದು ದಿನ ಮಳೆ ಹಗುರವಾಯಿತು, ಮೋಡದ ಸಂದಿನಿಂದ ಎಳೆಬಿಸಿಲು ಬಿತ್ತು. ನಾನು ಎಂದಿನಂತೆ ಹತ್ತಿದೆ. ಪೂರ್ವದ ಬದಿಯಲ್ಲಿ, ನೀರು ನಿಂತ ಪಾರೆಯ ಮೇಲೆ, ಏನೋ ನೀಲಿ. ಆಕಾಶದ ನೆರಳಿರಬೇಕು ಎಂದುಕೊಂಡೆ. ತಲೆಯೆತ್ತಿದರೆ ಆಕಾಶ ಇನ್ನೂ ಬೂದು. ಓಡಿದೆ. ಮೊಣಕಾಲೂರಿದೆ. ಹೂ! ಹೆಸರುಕಾಳಿಗಿಂತ ತುಸು ದೊಡ್ಡ ನೀಲಿ ಹೂ, ನೂಲಿನಂತಹ ಕಡ್ಡಿಯ ತುದಿಯಲ್ಲಿ, ಲೆಕ್ಕವಿಲ್ಲದಷ್ಟು. ಅವುಗಳ ನಡುವೆ ಗುಂಡುಸೂಜಿಯ ತಲೆಯಂತಹ ಬಿಳಿ ಹೂ. ಪಾರೆಯ ಬಿರುಕುಗಳಲ್ಲಿ ಹಿಂದಿನವರು ಮನೆಯ ಮಾಡಿಗೆ ಹೊದೆಸುತ್ತಿದ್ದ ಮುಳಿಹುಲ್ಲಿನ ಹೊಸ ಎಸಳು. ನಾವು ಸುಟ್ಟ ಪಶ್ಚಿಮದ ಬದಿಯಲ್ಲಿ ಅಲ್ಲೊಂದು ಇಲ್ಲೊಂದು ಮಾತ್ರ, ಸುಡದ ಪೂರ್ವದ ಬದಿಯಲ್ಲಿ ಕಾಲಿಡಲು ಜಾಗವಿಲ್ಲ. ಆ ನೀಲಿ ಹೂವನ್ನು ಮಂಡೆಕೋಲಿನ ಕಡೆ ಗಡಿಯಾಚೆಯ ಕೇರಳದವರು ಕಾಕ್ಕಪ್ಪೂ ಎನ್ನುತ್ತಾರೆ, ಓಣಂಗೆ ಅಂಗಳದಲ್ಲಿ ಇಡುತ್ತಾರೆ ಎಂದು ಆಮೇಲೆ ಗೊತ್ತಾಯಿತು. ಆಗ ನನಗೆ ಹೆಸರು ಬೇಕಿರಲಿಲ್ಲ. ನಾನು ನೀರು ಹಾಕಿರಲಿಲ್ಲ, ಅದು ಬದುಕಿತ್ತು. ಒಬ್ಬನೇ ಕೂತು ಅಲ್ಹಮ್ದುಲಿಲ್ಲಾ ಎಂದು ಗಟ್ಟಿಯಾಗಿ ಹೇಳಿದೆ. ಟಿಟ್ಟಿಭ ಮೇಲಿನಿಂದ ಬೈಯಿತು.

ತಮ್ಮನಿಗೆ ಫೋನ್ ಮಾಡಲು ಈ ಸಲ ಧೈರ್ಯ ಬರಲಿಲ್ಲ. ಒಮ್ಮೆ ಕಿರುಚಿ ಮರ್ಯಾದೆ ಹೋದದ್ದು ನೆನಪಿತ್ತು. ಇದೇನು ಮಹಾ, ಕಾಳಿನಷ್ಟು ಹೂ ಎಂದರೆ? ಇವತ್ತು ಹೇಳುವ, ನಾಳೆ ಹೇಳುವ ಎನ್ನುತ್ತಿರುವಾಗಲೇ ಅವನು ತಾನಾಗಿ ಬಂದ. ಜೊತೆಯಲ್ಲಿ ಕೋರೆಯವರೊಬ್ಬರು, ಕೈಯಲ್ಲಿ ಹಾರೆ.

ಕೋರೆಯವರು ಗುಡ್ಡೆಯ ಅಂಚಿನಲ್ಲಿ ನಿಂತು ತೃಪ್ತಿಯಿಂದ ಸುತ್ತ ನೋಡಿದರು. "ಮರ ತೆಗ್ಸಿದ್ದು ಒಳ್ಳೇದಾಯ್ತು. ಮಿಷನ್ ಸೀದಾ ಮೇಲೆ ತರ್ಬಹುದು. ಒಂದು ಕಡೆ ಕುಟ್ಟಿ ಕಲ್ಲು ನೋಡ್ತೇನೆ" ಎಂದು ಪೂರ್ವದ ಬದಿಗೆ ಹೆಜ್ಜೆ ಹಾಕಿದರು. ನನಗೆ ಕೂಗಬೇಕೆನಿಸಿತು. ಆದರೆ ಮಾತು ಕೊಟ್ಟವನು ನಾನು, ತೀರ್ಮಾನ ತಮ್ಮನದ್ದು. ಹೆಂಡತಿ ನನ್ನ ಅಂಗಿಯ ತೋಳು ಹಿಡಿದಳು.

"ಓಯ್! ಅಲ್ಲಿ ಮೆಟ್ಬೇಡಿ!"

ಕೂಗಿದ್ದು ತಮ್ಮ. ಕೋರೆಯವರು ಎತ್ತಿದ ಕಾಲನ್ನು ಹಾಗೆಯೇ ಗಾಳಿಯಲ್ಲಿ ನಿಲ್ಲಿಸಿದರು. "ಯಾಕೆ, ಹಾವು ಉಂಟಾ?"

"ಹೂ ಉಂಟು."

ಕೋರೆಯವರು ಕೆಳಗೆ ನೋಡಿದರು. ಆಮೇಲೆ ಸಮಾಧಾನದಿಂದಲೇ ಹೇಳಿದರು, "ಕಲ್ಲು ಕೊಯ್ಯುವಾಗ ಇದೆಲ್ಲ ಹೇಗೂ ಹೋಗ್ತದಲ್ಲ ಮಾರಾಯ್ರೆ."

ತಮ್ಮ ಹೂವಿನ ಅಂಚಿಗೆ ಹೋಗಿ ಕುಕ್ಕರಗಾಲಲ್ಲಿ ಕೂತ. ಬೆರಳಿನಿಂದ ಒಂದನ್ನು ಮುಟ್ಟಿ ನೋಡಿದ.

"ಹಾಗಾದ್ರೆ ಕೊಯ್ಯುದು ಬೇಡ," ಎಂದ.

"ಎಂತ?"

"ಕೊಯ್ಯುದು ಬೇಡ ಅಂತ. ನಿಮಗೆ ಸುಮ್ಮನೆ ತೊಂದ್ರೆಯಾಯ್ತು. ಬನ್ನಿ, ಕೆಳಗೆ ಚಾ ಕುಡಿದು ಹೋಗುವ."

ನನಗೆ ಅಳು ಬಂತು. ತಡೆಯಲು ಹೋಗಲಿಲ್ಲ, ಅತ್ತುಬಿಟ್ಟೆ. ಕೋರೆಯವರು ನಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿ, ಇವರೆಲ್ಲರಿಗೂ ಒಟ್ಟಿಗೇ ತಲೆ ಕೆಟ್ಟಿದೆ ಎಂಬಂತೆ ಹಾರೆ ಹೆಗಲಿಗೆ ಹಾಕಿಕೊಂಡು ಇಳಿದರು. ಹೆಂಡತಿ ಚಾ ಇಡಲು ಅವರ ಹಿಂದೆಯೇ ಓಡಿದಳು. ನಾನು ತಮ್ಮನಿಗೆ ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅವನು ನನ್ನ ಕಡೆ ತಿರುಗಲೂ ಇಲ್ಲ. ಪಶ್ಚಿಮದ ಬದಿಗೆ ಹೋಗಿ, ಬಗ್ಗಿ, ಸುಳ್ ಎಂದು ಏನನ್ನೋ ಕಿತ್ತು ನನ್ನ ಮುಖದೆದುರು ಹಿಡಿದ.

"ಇಲ್ಲಿ ಇನ್ನೂ ಉಂಟು ಅಕೇಶಿಯ. ಇಷ್ಟು ದಿವಸ ಎಂತ ನೋಡಿದ್ದು ನೀವು, ಕಾಕ?" ಎಂದು ಗದರಿದ.